ಆರು ಪೆನ್ನಿಯ ಪಫಿನ್

ಮಕ್ಕಳ ಪುಸ್ತಕಗಳ ವ್ಯಾಪಾರದಲ್ಲಿ ಹಿರಿಯರ ಪುಸ್ತಕಗಳಿಗಿಲ್ಲದ ಒಂದು ತೊಡಕುಂಟು. ಓದುವುದು ಮಗು; ಹಣ ಕೊಡುವವನು ತಂದೆ. ತಂದೆ ಮೆಚ್ಚಿ ತಂದದ್ದು ಮಗುವಿಗೆ ರುಚಿಸದಿರಬಹುದು. ಮಗು ಬಯಸಿದ್ದು ತಂದೆಯ ಕಣ್ಣಿಗೆ ಕಾಲಹರಣದ ಸಾಮಗ್ರಿಯಾಗಿ ತೋರಬಹುದು. ಇವರಿಬ್ಬರ ನಡುವೆ ನಿಂತ ಪ್ರಕಾಶಕನು ಬಹುಕಾಲ ತಂದೆಯನ್ನೇ ಓಲೈಸುತ್ತ ಬಂದನು. ದಪ್ಪ ರಟ್ಟಿನ, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡತಕ್ಕಂಥ ಪುಸ್ತಕಗಳನ್ನು ಹೊರತಂದನು. ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಕದಲಿಸಿದ್ದು ಪಫಿನ್ ಮಾಲೆ. ಅದು ಬೆಳೆದ ಬಗೆಯನ್ನು ಪುಸ್ತಕಪ್ರಿಯರು ಅವಶ್ಯವಾಗಿ ತಿಳಿಯಬೇಕು.

ಪಫಿನ್ ಎಂಬುದು ಬಣ್ಣದ ಕೊಕ್ಕಿನ ಒಂದು ಕಡಲಹಕ್ಕಿ. ಅದರ ಅಣ್ಣನೆಂದರೆ ಪೆಂಗ್ವಿನ್. ಅಲೆನ್ ಲೇನ್ 1935ರಲ್ಲಿ ಕಾಗದದ ಹೊದಿಕೆಯ ಪೆಂಗ್ವಿನ್ ಪುಸ್ತಕಗಳನ್ನು ಆರಾರು ಪೆನ್ನಿಗೆ ಮಾರಹೊರಟಾಗ ಪುಸ್ತಕದಂಗಡಿಯವರು ಮೂಗು ಮುರಿದರು. ಸಕಲ ಸಾಮಾನುಗಳನ್ನೂ ಮಾರುವ ವುಲ್ವರ್ತ್ ಅಂಗಡಿಗಳವರು 63,500 ಪ್ರತಿಗಳನ್ನು ಬೇಡಿದ್ದರಿಂದ ಅವನ ಸಾಹಸ ಉಳಿಯಿತು. ಆರು ಪೆನ್ನಿಯೆಂದರೆ ಮಗುವೂ ಕೂಡಿಡಬಹುದಾದ ಹಣ. ಆದರೂ ಮಕ್ಕಳ ಕಡೆಗೆ ಲೇನನ ಗಮನವನ್ನು ತಿರುಗಿಸಲು ಮತ್ತೊಬ್ಬನು ಬರಬೇಕಾಯಿತು.

ಆತ ನೋಯೆಲ್ ಕ್ಯಾರಿಂಗ್ಟನ್. ತಾರುಣ್ಯದಲ್ಲಿ ಭಾರತದಲ್ಲಿದ್ದು ಆಕ್ಸ್‌ಫರ್ಡ್ ಮುದ್ರಣಾಲಯದ ಕೆಲಸ ನೋಡಿಕೊಂಡವನು. ರಷ್ಯದಲ್ಲಿ ಶಿಲಾಮುದ್ರಣದಿಂದ ಅಚ್ಚಾಗುತ್ತಿದ್ದ ಅಗ್ಗದ, ಸೊಗಸಾದ ಮಕ್ಕಳ ಪುಸ್ತಕಗಳು ಅವನ ಕೈಗೆ ಬಂದಿದ್ದವು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಸಾಧ್ಯವಾಗದು ಎಂಬ ಹಂಬಲ ಅವನಿಗೆ. ಬಣ್ಣದ ಚಿತ್ರವನ್ನು ಛಾಯಾಗ್ರಹಣದ ಮೂಲಕ ಬ್ಲಾಕು ಮಾಡಿಸಿದರೆ ಖರ್ಚು ಏರುತ್ತದೆ. ಅದಕ್ಕೆ ಬದಲಾಗಿ ಕಲಾವಿದನೇ ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಮುದ್ರಣದ ಫಲಕಗಳ ಮೇಲೆ ತನ್ನ ಕೈಯಿಂದ ಚಿತ್ರಿಸಿದರೆ ಆ ಖರ್ಚು ಉಳಿಯುತ್ತದೆ. ಹಾಳೆಯ ಒಂದು ಮಗ್ಗುಲಿಗೆ ಬಣ್ಣಗಳು, ಇನ್ನೊಂದು ಮಗ್ಗುಲಿಗೆ ಕಪ್ಪು ಮಾತ್ರ. ಅದನ್ನು ಮಡಿಸಿ ಹೊಲಿದರೆ ಪುಟ ತೆರೆದಂತೆಲ್ಲ ಒಮ್ಮೆ ಬಣ್ಣ, ಒಮ್ಮೆ ಕಪ್ಪು ಬಿಳುಪು. ಬಡತನದಿಂದ ಹುಟ್ಟಿದ ಈ ಏರ್ಪಾಟೇ ಆ ಪುಸ್ತಕಗಳ ಚೆಲುವೂ ಆಯಿತು. ಚಿತ್ರಕಾರನ ಕೈಗೂ ಮಗುವಿನ ಕಣ್ಣಿಗೂ ನಡುವೆ ಮತ್ತೊಬ್ಬರಿಲ್ಲದ ಕಾರಣ ಗೆರೆಯಲ್ಲಿ ಜೀವವಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಇಂಥ ಕಾಲದಲ್ಲಿ ಯಾರಾದರೂ ಹೊಸ ಮಾಲೆಯನ್ನು ಕೈಬಿಡುತ್ತಿದ್ದರು. ಲೇನ್ ಬಿಡಲಿಲ್ಲ. ಬಾಂಬಿನ ಭಯದಿಂದ ನಗರದ ಮಕ್ಕಳನ್ನು ಸಾವಿರಗಟ್ಟಲೆಯಾಗಿ ಹಳ್ಳಿಗಳಿಗೆ ಸಾಗಿಸಿದ್ದರು; ಹಸುಕರುಗಳನ್ನೂ ಹೊಲಗದ್ದೆಗಳನ್ನೂ ಅರಿಯದ ಆ ಮಕ್ಕಳಿಗೆ ಪುಸ್ತಕ ಬೇಕಾಗಿತ್ತು. 1940ರ ಕೊನೆಯಲ್ಲಿ ಹೊರಬಂದ ಮೊದಲ ನಾಲ್ಕು ಚಿತ್ರಪುಸ್ತಕಗಳಲ್ಲಿ ಮೂರು ನೆಲ, ಜಲ, ಆಕಾಶಗಳ ಯುದ್ಧವನ್ನು ಕುರಿತವು. ನಾಲ್ಕನೆಯದು ಬೇಸಾಯದ ಬದುಕನ್ನು ಕುರಿತದ್ದು. ಕಾಗದದ ಪಡಿಯನ್ನು ಯುದ್ಧಪೂರ್ವದ ಬಳಕೆಗೆ ಅನುಸಾರವಾಗಿ ಹಂಚುತ್ತಿದ್ದುದರಿಂದ, ಹಿಂದೆ ಹೇರಳವಾಗಿ ಅಚ್ಚುಹಾಕಿದ್ದ ಪೆಂಗ್ವಿನ್ನಿಗೆ ಅನುಕೂಲವೇ ಆಯಿತು. ಸಾಹಸಕ್ಕೆ ಅದೃಷ್ಟವೂ ಜೊತೆಗೂಡಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

1941ರಲ್ಲಿ ಕಥೆಯ ಪುಸ್ತಕಗಳ ಮಾಲೆ ಪ್ರಾರಂಭವಾಯಿತು. ಮೊದಲನೆಯದು ಬಾರ್ಬರಾ ಯೂಫನ್ ಟಾಡ್ ಬರೆದ ಮಾತನಾಡುವ ಬೆರ್ಚಪ್ಪನ ಕತೆ, ‘ವರ್ಜಲ್ ಗಮಿಡ್ಜ್’. ಸಂಪಾದಕಿ ಎಲೀನರ್ ಗ್ರಹಾಂ ಇಪ್ಪತ್ತು ವರ್ಷ ಈ ಹೊಣೆಯನ್ನು ಹೊತ್ತಳು. ಆಕೆಯ ಪಾಡು ಸುಲಭದ್ದಲ್ಲ. ಒಳ್ಳೆಯ ಕತೆಗಳ ಹಕ್ಕು ರಟ್ಟಿನ ಪುಸ್ತಕಗಳ ಪ್ರಕಾಶಕರ ಕೈಯಲ್ಲಿತ್ತು. ಅಗ್ಗದ ಪ್ರತಿ ಬಂದರೆ ತಮ್ಮ ಮಾರಾಟ ಮುಳುಗುವುದೆಂದು ಅವರು ಹಕ್ಕನ್ನು ಸಡಿಲಿಸಲು ಹಿಂಜರಿದರು. ಕೇಳಿ, ಕಾದು, ಮತ್ತೆ ಕೇಳಿ ಆಕೆ ಒಂದೊಂದನ್ನೇ ಸಂಪಾದಿಸಬೇಕಾಯಿತು. ಮುಂದೆ ಬಂದವರು ಉಂಡ ಫಲ ಆಕೆ ನೆಟ್ಟ ಗಿಡದ್ದೆಂದೇ ನನ್ನ ಎಣಿಕೆ.

1961ರಲ್ಲಿ ಕೇ ವೆಬ್ ಬಂದಳು. ಪತ್ರಿಕೆಗಳಲ್ಲಿ ಪಳಗಿದ ಹೆಂಗಸು. ಮಕ್ಕಳ ಪತ್ರಿಕೆಯೊಂದನ್ನು ನಡೆಸಿ, ಅವರ ಕಾಗದಗಳಿಗೆ ಉತ್ತರ ಬರೆದು ಅನುಭವವಿದ್ದವಳು. ಆಕೆಯ ಕಾಲದಲ್ಲಿ ಪಫಿನ್ ಎಣಿಕೆಗೂ ಮೀರಿ ಹಬ್ಬಿತು. ಹಲವು ಪ್ರಕಾಶಕರು ನಿರಾಕರಿಸಿದ ಬಳಿಕ 1972ರಲ್ಲಿ ಸಣ್ಣ ಪ್ರಕಾಶಕನೊಬ್ಬನು ಹೊರತಂದಿದ್ದ ಮೊಲಗಳ ದೊಡ್ಡ ಕಾದಂಬರಿ ‘ವಾಟರ್‌ಶಿಪ್ ಡೌನ್’ ಮರುವರ್ಷವೇ ಪಫಿನ್ ಆಯಿತು. ಅಷ್ಟು ಉದ್ದದ ಪುಸ್ತಕವನ್ನು ಮಕ್ಕಳು ಓದಲಾರರೆಂಬ ಅಳುಕಿಗೆ ಆಕೆ ಮಣಿಯಲಿಲ್ಲ.

ಆದರೆ ಆಕೆಯ ದೊಡ್ಡ ಕೆಲಸ 1967ರಲ್ಲಿ ಸ್ಥಾಪಿಸಿದ ಪಫಿನ್ ಕ್ಲಬ್ಬು. ಚಂದಾ ಕೊಟ್ಟ ಮಗುವಿಗೆ ಒಂದು ಬಿಲ್ಲೆ, ಮತ್ತು ‘ಪಫಿನ್ ಪೋಸ್ಟ್’ ಎಂಬ ಪತ್ರಿಕೆ. ಪತ್ರಿಕೆಯಲ್ಲಿ ಮಕ್ಕಳ ಬರೆಹಗಳು, ಸ್ಪರ್ಧೆಗಳು. ಆಗಾಗ ಲೇಖಕರನ್ನೇ ಎದುರುಗೊಳ್ಳುವ ಸಂದರ್ಭಗಳು. ಸದಸ್ಯರು ಹತ್ತಾರು ಸಾವಿರವಾದರು. ಜಾಹೀರಾತೆಂದು ಹೇಳುವವರು ಹೇಳಲಿ, ಜಾಹೀರಾತೂ ಹೌದು. ಆದರೆ ಪ್ರಕಾಶಕನು ತಂದೆಯನ್ನು ದಾಟಿ ನೇರವಾಗಿ ಮಗುವಿನ ಹೆಸರಿಗೆ ಅಂಚೆ ಕಳುಹಿಸಿದ್ದು ಸಣ್ಣ ಮಾತಲ್ಲ. ಸದಸ್ಯರು ಪರಸ್ಪರ ಗುರುತಿಸಿಕೊಳ್ಳಲು ಒಂದು ಗುಟ್ಟಿನ ಮಾತೂ ಇತ್ತು. ಒಬ್ಬನು ‘ಸ್ನಿಫಪ್’ ಎಂದರೆ ಮತ್ತೊಬ್ಬನು ‘ಸ್ಪೊಟೆರಾ’ ಎನ್ನಬೇಕು. ಪಫಿನ್‌ಗಳೇ ಶ್ರೇಷ್ಠವೆಂಬ ಅರ್ಥದ ‘ಪಫಿನ್ಸ್ ಆರ್ ಟಾಪ್ಸ್’ ಎಂಬ ಇಂಗ್ಲಿಷ್ ಮಾತಿನ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೆ ಅದು ಬಿಡಿಸಿಕೊಳ್ಳುತ್ತದೆ.