ನಮ್ಮ ಚಿಕ್ಕಪ್ಪನ ತಿಂಡಿ ವ್ಯಾನು

ಬೆಳಗಿನ ಜಾವ ವ್ಯಾನಿನ ಸದ್ದಿಗೆ ನಿಮ್ಮ ನಿದ್ದೆ ಕೆಡುತ್ತದೆ ಎಂದು ನನಗೆ ಗೊತ್ತು. ಅದು ನಮ್ಮ ಚಿಕ್ಕಪ್ಪನ ತಿಂಡಿ ವ್ಯಾನು. ಅದನ್ನು ಹೇಗೆ ನಡೆಸ್ತಾರೆ ಅಂತ ತುಂಬಾ ಜನ ಕೇಳಿದ್ದೀರಿ. ಆದುದರಿಂದ ಬರೆಯುತ್ತಿದ್ದೇನೆ.

ಚಿಕ್ಕಪ್ಪ ಹಳೆಯ ಟಾಟಾ ಏಸ್ ಕೊಂಡರು. ಚಿಕ್ಕಮ್ಮ ಸಂಘದಲ್ಲಿ ಸಾಲ ಎತ್ತಿದರು. ಅಜ್ಜಿಯ ಓಲೆ ಬ್ಯಾಂಕಿಗೆ ಹೋಯಿತು. ಗಾಡಿಯ ಹಿಂಭಾಗ ಬದಲಾಯಿಸಲು ಆರ್.ಟಿ.ಓ. ಅನುಮತಿ ಬೇಕು. ತಿಂಡಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. 2024ರಲ್ಲಿ ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಬೇರೆ 19 ಕೆ.ಜಿ.ಯದ್ದು ತರಬೇಕು.

ವ್ಯಾನಿನಲ್ಲಿ ನಲ್ಲಿ ಇರುವುದಿಲ್ಲ. ಕುಡಿಯಲು ಒಂದು ಡ್ರಮ್ಮು, ತೊಳೆಯಲು ಒಂದು ಡ್ರಮ್ಮು. ತಟ್ಟೆಯ ಮೇಲೆ ಬಾಳೆಎಲೆ ತುಂಡು ಹಾಕಿ ಕೊಟ್ಟರೆ ತೊಳೆಯುವ ನೀರು ಉಳಿಯುತ್ತದೆ. ಸಾಂಬಾರಿನ ಪಾತ್ರೆಯನ್ನು ಮುಕ್ಕಾಲು ಮಾತ್ರ ತುಂಬಿಸಿ ಮುಚ್ಚಳ ಕಟ್ಟಬೇಕು. ಇದು ಆಮೇಲೆ ತಿಳಿದದ್ದು. 2024ರ ಆಯುಧಪೂಜೆ ಆದ ಮೇಲೆ ಮೊದಲ ದಿನ ಮುಚ್ಚಳ ಹಿಡಿದುಕೊಳ್ಳುವ ಕೆಲಸ ನನ್ನದು. ನಾನು ತೂಕಡಿಸಿದೆ. ಹಂಪು ಬಂತು. ಅರ್ಧ ಸಾಂಬಾರು ಚೆಲ್ಲಿತು. ಪುಣ್ಯಕ್ಕೆ ಕಾಲಿನ ಮೇಲೆ ಬೀಳಲಿಲ್ಲ.

ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸುತ್ತಿದ್ದರು. ಅಲ್ಲಿ ಆಗಲೇ ಮೂರು ಹೋಟೆಲ್ ಇದ್ದವು. ಉಳಿದ ಚಿತ್ರಾನ್ನವನ್ನು ನಾವೇ ಮಧ್ಯಾಹ್ನ ತಿನ್ನುತ್ತಿದ್ದೆವು. ಈಗಲೂ ನನಗೆ ಚಿತ್ರಾನ್ನ ಅಂದ್ರೆ ಆಗಲ್ಲ. ಆದರೂ ಚಿಕ್ಕಪ್ಪ, "ದಿನಾ ಮುನ್ನೂರು ಉಳೀತಾ ಇದೆ ಕಣೋ" ಅನ್ನುತ್ತಿದ್ದರು. ನಾನು ಬರೆದು ನೋಡಿದೆ. 27 ಪ್ಲೇಟು, 30 ರೂಪಾಯಿಯಂತೆ 810. ಅಕ್ಕಿ, ಬೇಳೆ, ತರಕಾರಿಗೆ 510. ಉಳಿದದ್ದು 300 ನಿಜ. ಆದರೆ ಡೀಸೆಲ್ 150, ಗ್ಯಾಸು 200 ಎಲ್ಲಿ? ದಿನಕ್ಕೆ 50 ರೂಪಾಯಿ ನಷ್ಟ! ಸಂಘದ ಕಂತು ಬೇರೆ. ಚಿಕ್ಕಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಯಾಕಾದರೂ ಹೇಳಿದೆನೋ ಅನ್ನಿಸಿತು.

ಆಗ ಚಿಕ್ಕಮ್ಮ, "ಅಂಗಡಿಯವರು ಜನ ಬರೋವರೆಗೂ ಕಾಯ್ಬೇಕು. ನಮ್ಮದಕ್ಕೆ ಚಕ್ರ ಇದೆಯಲ್ರೀ!" ಎಂದರು.

ನಮ್ಮೂರಿನವರು ಗೂಡು ಒಯ್ಯುವ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ನಿಮಗೆಲ್ಲ ಗೊತ್ತಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡುವುದಕ್ಕೆ ಮುಂಚೆ ಮಾರಬೇಕು. ಅದಕ್ಕೇ ದೂರದ ರೈತರು ಕತ್ತಲಲ್ಲೇ, ಖಾಲಿ ಹೊಟ್ಟೆಯಲ್ಲಿ ಹೊರಟು ಬರುತ್ತಾರೆ. ವ್ಯಾನು ಈಗ ಬೆಳಿಗ್ಗೆ ಆ ಕಡೆ ಹೋಗುತ್ತದೆ, ಸಂತೆಯ ದಿನ ಅಲ್ಲಿಂದ ಸಂತೆಗೆ. ಚಿತ್ರಾನ್ನ ಕಡಿಮೆ ಮಾಡಿ ಇಡ್ಲಿ ಇಟ್ಟರು. ಜನ ಬಂದ ಹಾಗೆ ಅಲ್ಲೇ ಬೇಯಿಸಬಹುದು, ಬೇಯಿಸದ ಹಿಟ್ಟು ಸಂಜೆ ಮನೆಯಲ್ಲಿ ದೋಸೆಗೆ ಆಗುತ್ತದೆ. ಈಗ ಐವತ್ತು ಪ್ಲೇಟು ದಾಟುತ್ತದೆ.

ಅಜ್ಜಿಯ ಓಲೆ ಇನ್ನೂ ಬ್ಯಾಂಕಿನಲ್ಲೇ ಇದೆ, ಎಂಟು ಕಂತು ಬಾಕಿ. ಲೆಕ್ಕದ ಪುಸ್ತಕ ಮಾತ್ರ ಈಗ ನನ್ನ ಹತ್ತಿರ ಇರುತ್ತದೆ. ಡೀಸೆಲ್ ಚೀಟಿ ಕೊಡದಿದ್ದರೆ ನಾನು ಚಿಕ್ಕಪ್ಪನನ್ನು ಊಟಕ್ಕೆ ಕೂರಲು ಬಿಡುವುದಿಲ್ಲ.