ಮೋರ್ಸ್ ಸಂಕೇತ ಡಿಜಿಟಲ್ ಆಗುವುದೇ?

ಬೆಂಗಳೂರಿನಲ್ಲಿ ಹವ್ಯಾಸಿ ರೇಡಿಯೋ ಕೇಂದ್ರ ನಡೆಸುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಹೊಸೂರಿಗೆ ಬಂದಾಗ ಕೇಳಿದರು: "ಮೇಷ್ಟ್ರೇ, ಮೋರ್ಸ್ ಸಂಕೇತವನ್ನು ಡಿಜಿಟಲ್ ಎನ್ನಬಹುದೇ? ನಮ್ಮ ಗೆಳೆಯರಲ್ಲಿ ಇದೇ ಚರ್ಚೆ." ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನನಗೆ ತಿಳಿದಷ್ಟನ್ನು ನಿವೇದಿಸುತ್ತೇನೆ.

ಮಾತಿನ ಧ್ವನಿ ಏರುತ್ತ ಇಳಿಯುತ್ತ ಎಡೆಬಿಡದೆ ಹರಿಯುತ್ತದೆ. ಡಿಜಿಟಲ್ ಎಂದರೆ ಹಾಗಲ್ಲ. ಎಣಿಸಬಹುದಾದ ಬಿಡಿಬಿಡಿ ಸ್ಥಿತಿಗಳಿಂದ ಮಾಹಿತಿಯನ್ನು ಕಟ್ಟುವುದು. ಮೋರ್ಸ್‌ನಲ್ಲಿ ಅಲೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ತರಗತಿಯಲ್ಲಿ ಛಂದಸ್ಸು ಕಲಿತವರಿಗೆ ಇದರ ಲೆಕ್ಕ ಸುಲಭ. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸ್‌ನಲ್ಲಿ ಚುಕ್ಕೆಗೆ ಒಂದು ಮಾತ್ರೆ, ಗೆರೆಗೆ ಮೂರು. ಮೌನಕ್ಕೂ ಲೆಕ್ಕವುಂಟು: ಅಕ್ಷರದೊಳಗೆ ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಆದ್ದರಿಂದ 1844ರಲ್ಲಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರಿಗೆ ಹೋದ ಮೋರ್ಸನ ಸಂದೇಶವು ಗಣಕಯಂತ್ರ ಹುಟ್ಟುವ ಮೊದಲೇ ಡಿಜಿಟಲ್ ಆಗಿತ್ತು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವರ್ಗೀಕರಣವೂ ಇದನ್ನೇ ಹೇಳುತ್ತದೆ. ಅಲ್ಲಿ ಮೋರ್ಸ್ ಪ್ರಸಾರದ ಗುರುತು 'ಎ-1-ಎ'. ನಡುವಣ ಒಂದು ಎಂಬ ಅಂಕಿ ಡಿಜಿಟಲ್ ಮಾಹಿತಿಯನ್ನು ಸೂಚಿಸುತ್ತದೆ. ಕೊನೆಯ 'ಎ' ಎಂಬುದು ಕಿವಿಯಿಂದ ಕೇಳಿ ಗ್ರಹಿಸುವ ತಂತಿಸಂದೇಶ. ಯಂತ್ರವೇ ಗ್ರಹಿಸುವುದಾದರೆ ಅದು 'ಬಿ' ಆಗುತ್ತದೆ.

ಹೀಗಿದ್ದರೂ ಹವ್ಯಾಸಿಗಳು ಮೋರ್ಸನ್ನು ಬೇರೆ ಪಂಕ್ತಿಯಲ್ಲಿಯೇ ಕೂರಿಸುತ್ತಾರೆ. 2017ರಲ್ಲಿ ಬಂದ ಎಫ್‌ಟಿ-8ರಂಥ ವಿಧಾನಗಳನ್ನು ಗಣಕಯಂತ್ರವಿಲ್ಲದೆ ಓದಲಾಗದು. ಅವರ ಬಳಕೆಯಲ್ಲಿ ಡಿಜಿಟಲ್ ಎಂದರೆ ಇಂಥವು. ಮೋರ್ಸಿಗೆ ಪಳಗಿದ ಕಿವಿಯೊಂದು ಸಾಕು. ಆದುದರಿಂದ ನನ್ನ ತೀರ್ಮಾನವಿಷ್ಟು: ರಚನೆಯಿಂದ ಅದು ಡಿಜಿಟಲ್, ರೂಢಿಯಿಂದ ಅಲ್ಲ. ಎರಡು ಪಕ್ಷದವರೂ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿ ವಾದಿಸುತ್ತಿದ್ದಾರೆ.

ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ ತಂತಿ ಬಂತೆಂದರೆ ಬೀದಿಯೇ ನಡುಗುತ್ತಿತ್ತು. ಇಂಗ್ಲಿಷಿನ ಆ ನಾಲ್ಕು ಪದಗಳನ್ನು ಓದಿಸಲು ಜನ ನನ್ನ ಬಳಿಗೆ ಬರುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ತಪ್ಪಾಗದಿರಲೆಂದು ಎರಡೆರಡು ಬಾರಿ ಓದಿ, ಆಮೇಲೆ ಬಾಯಿ ತೆರೆಯುತ್ತಿದ್ದೆ. ಸಂದೇಶ ತಂತಿಯಲ್ಲಿ ಎಷ್ಟೇ ದೂರ ಬಂದಿರಲಿ, ಕೊನೆಯ ಎರಡು ಮಾರು ದೂರವನ್ನು ದಾಟಿಸಲು ಒಬ್ಬ ಮನುಷ್ಯ ಬೇಕಾಗಿತ್ತು.

ನಮ್ಮ ದೇಶದ ತಂತಿಸೇವೆ 2013ರ ಜುಲೈನಲ್ಲಿ ನಿಂತಿತು. ಹವ್ಯಾಸಿಗಳಿಗೆ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವು 2003ರಲ್ಲಿಯೇ ಸಡಿಲವಾಗಿತ್ತು. ಆದರೂ ಆ ನಾದ ಆಕಾಶದಲ್ಲಿ ಇನ್ನೂ ಕೇಳಿಬರುತ್ತದೆ. ಇಷ್ಟಪಟ್ಟು ಕಲಿಯುವವರಿದ್ದಾರೆ, ಕಲಿಸುವವರಿದ್ದಾರೆ. ಗಡಿಯ ಈಚೆಗಿರುವ ನಮ್ಮ ಕನ್ನಡಕ್ಕೂ ಇದೇ ಮಾತು ಸಲ್ಲುತ್ತದೆ. ಓದುವ ಮಕ್ಕಳನ್ನು ಮನೆಯವರು ಶಾಲೆಗೆ ಕಳುಹಿಸಿಕೊಡಲಿ ಎಂಬುದಷ್ಟೇ ಈ ಹಳೆಯ ಮೇಷ್ಟರ ಬಿನ್ನಹ.