ರಹದಾರಿಯಿಲ್ಲದ ಯಾತ್ರೆ

ನನ್ನ ತಾಯಿಯವರಿಗೆ ಎಪ್ಪತ್ತು ತುಂಬಿದಂದಿನಿಂದ ಒಂದೇ ಹಂಬಲ: ಪಶುಪತಿನಾಥನ ದರ್ಶನವಾಗಬೇಕು. ಕಾಶಿಯಾಗಿತ್ತು, ರಾಮೇಶ್ವರವಾಗಿತ್ತು, ನೇಪಾಳವೊಂದು ಉಳಿದಿತ್ತು. ನೇಪಾಳವೆಂದರೆ ಪರದೇಶ, ಪರದೇಶವೆಂದರೆ ಪಾಸ್‌ಪೋರ್ಟು, ಅದರ ಮೇಲೊಂದು ವೀಸಾ. ಪಾಸ್‌ಪೋರ್ಟಿನ ಕೆಲಸ ಮೈಸೂರಿನವರಿಗೆ ಈಗ ದೂರದ್ದಲ್ಲ. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ತೆರೆಯುವ ಪ್ರಯೋಗವು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ನಡೆದ ಎರಡು ಊರುಗಳಲ್ಲಿ ನಮ್ಮದೂ ಒಂದು. ಆದರೆ ತಾಯಿಯವರ ಹೆಸರು ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ಅದನ್ನೆಲ್ಲ ಸರಿಪಡಿಸುವಷ್ಟರಲ್ಲಿ ಅವರ ಮೊಣಕಾಲು ಯಾತ್ರೆಗೆ ಒಪ್ಪದೆ ಹೋದೀತೆಂದು ಅಂಜಿದ್ದೆ. ಮತದಾರರ ಗುರುತಿನ ಚೀಟಿಯೊಂದಿದ್ದರೆ ಸಾಕು, ವೀಸಾ ಬೇಕೇ ಇಲ್ಲವೆಂದು ಮಿತ್ರರೊಬ್ಬರು ಹೇಳಿದಾಗ ನನಗಾದ ಆಶ್ಚರ್ಯವು ಕನ್ನಡ ಎಂ.ಎ. ಮಾಡಿದವನ ಲೋಕಜ್ಞಾನಕ್ಕೆ ತಕ್ಕುದಾಗಿಯೇ ಇತ್ತು.

1950ರ ಜುಲೈ 31ರಂದು ಕಾಠ್ಮಂಡುವಿನಲ್ಲಿ ಭಾರತ ನೇಪಾಳಗಳು ಮಾಡಿಕೊಂಡ ಒಪ್ಪಂದದ ಏಳನೆಯ ವಿಧಿಯಲ್ಲಿ, ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಒಬ್ಬರ ಪ್ರಜೆಗಳಿಗೆ ಇನ್ನೊಬ್ಬರು ಸಮಾನ ಸೌಲಭ್ಯ ಕೊಡತಕ್ಕದ್ದೆಂದಿದೆ. ವೀಸಾ ಎಂಬ ಮಾತಿಗೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ‘ನೋಡಲ್ಪಟ್ಟದ್ದು’ ಎಂದಷ್ಟೇ ಅರ್ಥ. ನಮ್ಮ ಹಿರಿಯರು ಬಳಸುತ್ತಿದ್ದ ‘ರಹದಾರಿ’ ಪಾರಸಿಯಿಂದ ಬಂದುದು. ರಹ ಎಂದರೆ ದಾರಿ. ನೋಡುವವನನ್ನು ನೆನೆಯುವ ಮಾತಿಗಿಂತ ದಾರಿಯನ್ನು ನೆನೆಯುವ ಮಾತು ಮೇಲೆಂದು ನನಗನ್ನಿಸುತ್ತದೆ. ಇದು ಮೇಷ್ಟರ ಚಪಲ; ವಾಚಕರು ಮನ್ನಿಸಬೇಕು.

ಹೊರಡುವ ಹಿಂದಿನ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೈಲಕುಪ್ಪೆಯವನು. ಪಿರಿಯಾಪಟ್ಟಣ ತಾಲ್ಲೂಕಿನ ಆ ನೆಲವನ್ನು, ಸುಮಾರು 3,000 ಎಕರೆಯಷ್ಟು, 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಟಿಬೆಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟ ಸಂಗತಿಯನ್ನು ಎಲ್ಲರೂ ಬಲ್ಲರು. ಹುಡುಗನ ಕನ್ನಡ ನನ್ನ ಅನೇಕ ಕನ್ನಡಿಗ ಶಿಷ್ಯರ ಕನ್ನಡಕ್ಕಿಂತ ಶುದ್ಧ. ಕೈಯಲ್ಲಿ ಅರ್ಧ ಕಿಲೋ ಮೈಸೂರುಪಾಕಿನ ಪೊಟ್ಟಣ.

“ಸರ್, ಬೌದ್ಧದ ಸ್ತೂಪದ ಹತ್ತಿರ ನಮ್ಮ ಅಜ್ಜಿಯ ತಂಗಿ ಇದ್ದಾರೆ. ಇದನ್ನು ತಲುಪಿಸುತ್ತೀರಾ?”

“ಅಜ್ಜಿಯನ್ನೇ ಕಳಿಸು. ನಮ್ಮ ಅಮ್ಮನಿಗೂ ಜೊತೆಯಾಗುತ್ತದೆ,” ಎಂದೆ, ಆಗತಾನೆ ಕಲಿತ ಏಳನೆಯ ವಿಧಿಯ ಹುರುಪಿನಲ್ಲಿ.

ಹುಡುಗ ನಕ್ಕ. ವಿಧಿಯಲ್ಲಿರುವುದು ಎರಡು ದೇಶಗಳ ಪ್ರಜೆಗಳ ಮಾತು. ಅಜ್ಜಿ ಎರಡರ ಪ್ರಜೆಯೂ ಅಲ್ಲ. ಅವರು ಹೋಗಬೇಕಾದರೆ ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಗುರುತುಪತ್ರವಾಗಬೇಕು, ಹೊರಹೋಗಲು ಅನುಮತಿಯಾಗಬೇಕು, ಮರಳಿ ಬರಲು ವೀಸಾ ಆಗಬೇಕು. ಅರವತ್ತು ವರ್ಷ ಜೋಳ ಬೆಳೆದ ಹೊಲಕ್ಕೆ ಹಿಂದಿರುಗಲು ವೀಸಾ! ಅಕ್ಕತಂಗಿಯರು ಕೂಡಿಯೇ ಹಿಮದಲ್ಲಿ ನಡೆದು ಬಂದವರಂತೆ. ಒಬ್ಬರು ಇತ್ತ ಬಂದರು, ಒಬ್ಬರು ನೇಪಾಳದಲ್ಲಿಯೇ ನಿಂತರು. ಈಗ ದೂರವಾಣಿಯ ಪರದೆಯ ಮೇಲೆ ಮುಖ ನೋಡಿಕೊಳ್ಳುತ್ತಾರೆ.

ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿಗೆ ಬಸ್ಸು. ಸೋನೌಲಿಯ ಗಡಿಯೆಂದರೆ ಒಂದು ಕಮಾನು, ಲಾರಿಗಳ ಸಾಲು, ಧೂಳು. ತಾಯಿಯವರು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸಿದ್ಧವಾಗಿ ಹಿಡಿದಿದ್ದರು. ಸೈಕಲ್ ರಿಕ್ಷಾಗಳ ನಡುವೆ ನುಸುಳಿ ನಡೆದೆವು.

“ಪರದೇಶ ಇನ್ನೆಷ್ಟು ದೂರವಪ್ಪಾ?”

“ಬಂದಾಯಿತಮ್ಮ.”

“ಮತ್ತೆ ಯಾರೂ ಏನೂ ಕೇಳಲೇ ಇಲ್ಲವಲ್ಲ!” ಅವರ ದನಿಯಲ್ಲಿ ತುಸು ನಿರಾಶೆಯೇ ಇತ್ತು. ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿ, ಪರದೇಶವೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ತೋರಿಸಿದೆ.

ಬಾಗಮತಿಯ ದಂಡೆಯ ಆ ದೇಗುಲಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ನಾಲ್ಕಕ್ಕೂ ಎದುರಾಗಿ ಲಿಂಗದ ಮುಖಗಳು. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವುಳ್ಳ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರೆಂಬುದು ನನಗೆ ಓದಿ ಗೊತ್ತಿತ್ತು. ದಕ್ಷಿಣದವರನ್ನು ಕರೆಸುವ ಈ ಪದ್ಧತಿ ಮಲ್ಲ ಅರಸರ ಕಾಲದ್ದೆಂದು ಹೇಳುವವರಿದ್ದಾರೆ, ಶಂಕರಾಚಾರ್ಯರದೆನ್ನುವವರೂ ಇದ್ದಾರೆ. ಓದಿದ್ದು ಬೇರೆ, ಕೇಳಿದ್ದು ಬೇರೆ. ಪೂಜೆ ಮುಗಿದು ಪ್ರಾಂಗಣದಲ್ಲಿ ಕುಳಿತಿದ್ದ ತಾಯಿಯವರು ನನ್ನೊಡನೆ ಏನೋ ಹೇಳುತ್ತಿದ್ದುದನ್ನು ಕೇಳಿ, ಹಾದುಹೋಗುತ್ತಿದ್ದ ಅರ್ಚಕರೊಬ್ಬರು ನಿಂತರು. “ಯಾವೂರಮ್ಮ?” “ಮೈಸೂರು ಸ್ವಾಮಿ.” “ಮಳೆ ಶುರುವಾಯಿತಾ ಅಲ್ಲಿ?” ಇಷ್ಟೇ ಮಾತು. ತಾಯಿಯವರ ಕಣ್ಣು ತುಂಬಿತು. ಲಿಂಗದ ಮುಂದೆ ತುಂಬಿರಲಿಲ್ಲ.

ತೆರೆದ ಬಾಗಿಲೆಂದರೆ ತಕರಾರಿಲ್ಲದ ಬಾಗಿಲೆಂದೇನೂ ಅಲ್ಲ. 2008ರಲ್ಲಿ ನೇಪಾಳ ಗಣರಾಜ್ಯವಾದ ಮೇಲೆ, ಆ ಚಳಿಗಾಲದಲ್ಲಿ, ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿದ್ದುಂಟು. ಬೀದಿಯಲ್ಲಿ ಪ್ರತಿಭಟನೆ, ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು ನೇಮಕ ನಿಂತಿತು. 2009ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಹೋದ ನಮ್ಮ ಇಬ್ಬರು ಅರ್ಚಕರ ಮೇಲೆ ಹಲ್ಲೆಯೂ ಆಯಿತು. ದೇವರನ್ನು ಪೂಜಿಸಲು ನಮ್ಮವರು ಸಾಲದೇ ಎಂದು ಅಲ್ಲಿಯ ಜನ ಕೇಳಿದರೆ ಅದನ್ನು ತಪ್ಪೆನ್ನಲು ನನಗೆ ಧೈರ್ಯವಿಲ್ಲ. ಪದ್ಧತಿ ಉಳಿಯಿತೆಂಬ ಸಂತೋಷವಂತೂ ಇದೆ.

ಪಶುಪತಿಯಿಂದ ಬೌದ್ಧಕ್ಕೆ ಅರ್ಧ ಗಂಟೆಯ ನಡಿಗೆ. ಸ್ತೂಪದ ಹಿಂದಿನ ಗಲ್ಲಿಯೊಂದರ ಎರಡನೆಯ ಅಂತಸ್ತಿನಲ್ಲಿ ಆ ಮುದುಕಿ ಇದ್ದರು. ಪೊಟ್ಟಣವನ್ನು ಹಣೆಗೊತ್ತಿಕೊಂಡು, ಒಂದು ತುಂಡನ್ನು ಬಾಯಿಗಿಟ್ಟುಕೊಂಡು, ಮುರುಕು ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕನಿಗೆ ಹಲ್ಲು ಇವೆಯೇ?” ಎಲ್ಲೋ ಎರಡೋ ಮೂರೋ ಇದ್ದೀತೆಂದೆ. ಆದರೂ ಒಳಗೆ ಹೋಗಿ ದಾರದಲ್ಲಿ ಪೋಣಿಸಿದ ಛುರ್ಪಿಯ ಸರ ತಂದರು. ಅದು ಒಣಗಿಸಿದ ಗಿಣ್ಣು, ಕಲ್ಲಿನಷ್ಟು ಗಟ್ಟಿ. ತಾಯಿಯವರು ಮೆಲ್ಲನೆ, “ಹಲ್ಲಿಲ್ಲದವರಿಗೆ ಇದನ್ನು ಕೊಡುತ್ತಾರಲ್ಲಪ್ಪಾ!” ಎಂದರು.

ಊರಿಗೆ ಬಂದ ಮರುವಾರ ಬೈಲಕುಪ್ಪೆಗೆ ಹೋದೆ. ಅಜ್ಜಿ ಛುರ್ಪಿಯ ತುಂಡೊಂದನ್ನು ದವಡೆಗಿಟ್ಟುಕೊಂಡು, ನಾನಿದ್ದಷ್ಟು ಹೊತ್ತೂ ಚೀಪುತ್ತಲೇ ಇದ್ದರು. ತಂಗಿಯ ಮನೆಯ ಮೆಟ್ಟಿಲು ಎಷ್ಟು, ಕಿಟಕಿಯಿಂದ ಸ್ತೂಪದ ಕಣ್ಣು ಕಾಣುತ್ತದೆಯೇ, ಎಲ್ಲ ಕೇಳಿದರು. ಮೊಮ್ಮಗ ಕನ್ನಡಕ್ಕೆ ತಿರುಗಿಸುತ್ತಿದ್ದ. ಕೊನೆಗೆ ಕೇಳಿದರು:

“ಗಡಿಯಲ್ಲಿ ನಿಮ್ಮನ್ನು ಎಷ್ಟು ಹೊತ್ತು ನಿಲ್ಲಿಸಿದರು?”

ನಿಲ್ಲಿಸಲೇ ಇಲ್ಲವೆನ್ನಲು ನಾಲಗೆ ಬರಲಿಲ್ಲ. ಸ್ವಲ್ಪ ಹೊತ್ತು ಎಂದೆ.